ಕಂಪ್ಯೂಟರ್ ಕಟ್ಟೆ: ಆ ಕಡತವನ್ನು ಅಳಿಸಬೇಡಿ

ಈ ವಾರ ಕಟ್ಟೆಗೆ ಬಂದ ಪತ್ರಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಒಂದನ್ನು ಬರೆದವರು ಶಿರಸಿ ಕಡೆಯ ಒಬ್ಬ ಅಜ್ಜಿ. ಇನ್ನೊಂದನ್ನು ಬರೆದವಳು ಎಂಟನೇ ತರಗತಿಯ ಹುಡುಗಿ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಕಾಯಿಲೆ ಮಾತ್ರ ಒಂದೇ ಮನೆತನದ್ದು.

ಅಜ್ಜಿಯ ಯಜಮಾನರು ಇಪ್ಪತ್ತು ವರ್ಷಗಳ ಹಿಂದೆ ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದ ಹಸೆ ಹಾಡು, ಬೀಸುವ ಹಾಡುಗಳನ್ನೆಲ್ಲ ತಾವೇ ಟೈಪು ಮಾಡಿ, ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಒಂದು ಸಿ.ಡಿ.ಯಲ್ಲಿ ತುಂಬಿಟ್ಟಿದ್ದರಂತೆ. ಪುಸ್ತಕ ಮಾಡಿಸುವ ಮೊದಲೇ ಅವರು ತೀರಿಕೊಂಡರು. ಹಾಡು ಬರೆದಿದ್ದ ನೋಟ್‌ಬುಕ್ಕಿಗೆ ಗೆದ್ದಲು ಹಿಡಿಯಿತು. ಉಳಿದದ್ದು ಸಿ.ಡಿ. ಒಂದೇ. ಈ ಬೇಸಿಗೆ ರಜೆಯಲ್ಲಿ ಮೊಮ್ಮಗ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು ಎಳೆದುಕೊಂಡ ಅಕ್ಷರ, ನಡುನಡುವೆ ಇಂಗ್ಲೆಂಡಿನ ಪೌಂಡ್ ಹಣದ ಗುರುತು! “ಫೈಲು ಕೆಟ್ಟಿದೆ ಅಜ್ಜಿ, ಅಳಿಸಿಬಿಡಲಾ?” ಎಂದು ಕೇಳಿದ್ದಾನೆ.

ಬೇಡ ಕಣಪ್ಪ. ಕೈ ಹಿಂದಕ್ಕೆ ತೆಗೆದುಕೋ. ಹಾಡು ಒಂದೂ ಹೋಗಿಲ್ಲ.

ಹುಡುಗಿಯ ಸಂಕಟ ಬೇರೆ. ಅವಳು ಶಾಲೆಯ ವಾರ್ಷಿಕ ಸಂಚಿಕೆಯ ಸಂಪಾದಕಿ. ಮನೆಯ ಕಂಪ್ಯೂಟರಿನಲ್ಲಿ ಚೆಂದದ ಫಾಂಟು ಹಾಕಿ, ಎಲ್ಲರ ಕಥೆ ಕವನ ಜೋಡಿಸಿ, ಪೆನ್‌ಡ್ರೈವಿನಲ್ಲಿ ಶಾಲೆಗೆ ತಂದಿದ್ದಾಳೆ. ಶಾಲೆಯ ಪರದೆಯ ಮೇಲೆ ಕೆಲವು ಪುಟದಲ್ಲಿ ಬರೀ ಚೌಕ, ಕೆಲವು ಪುಟದಲ್ಲಿ ಒತ್ತಕ್ಷರಗಳು ಕಳಚಿ ಬಿದ್ದಿವೆ. ಶುಕ್ರವಾರ ಅಚ್ಚಿಗೆ ಹೋಗಬೇಕು.

ಮಕ್ಕಳೇ, ವೈದ್ಯರು ನಾಲಿಗೆ ತೋರಿಸು ಅನ್ನುತ್ತಾರಲ್ಲ, ಹಾಗೆ ಮೊದಲು ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ನೋಡಬೇಕು. ಚೌಕ ಬೇರೆ, ಇಂಗ್ಲಿಷ್ ಕಲಸುಮೇಲೋಗರ ಬೇರೆ, ಪ್ರಶ್ನೆ ಚಿಹ್ನೆ ಬೇರೆ, ಕಳಚಿದ ಒತ್ತು ಬೇರೆ. ಒಂದೊಂದಕ್ಕೂ ಮದ್ದು ಬೇರೆ. “ಫಾಂಟ್ ಬರ್ತಿಲ್ಲ” ಎಂದು ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಮದ್ದು ಸಿಕ್ಕುವುದಿಲ್ಲ.

ಅಜ್ಜಿಯ ಕಲಸುಮೇಲೋಗರದಿಂದಲೇ ಶುರು ಮಾಡೋಣ, ಏಕೆಂದರೆ ಅದೇ ಎಲ್ಲಕ್ಕಿಂತ ಮಜವಾಗಿದೆ.

ಅಚ್ಚುಮೊಳೆಯ ಪ್ರೆಸ್ಸನ್ನು ನೋಡಿದ ಅಜ್ಜಂದಿರು ಇದ್ದರೆ ಮೊಮ್ಮಕ್ಕಳಿಗೆ ಸ್ವಲ್ಪ ವಿವರಿಸಿ. ಸೀಸದ ಅಕ್ಷರಗಳನ್ನು ಸಣ್ಣಸಣ್ಣ ಖಾನೆಗಳಿರುವ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮೊಳೆ ಜೋಡಿಸುವವರು ಖಾನೆಯನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ, ಕೈಯೇ ಅಭ್ಯಾಸಬಲದಿಂದ ಸರಿಯಾದ ಖಾನೆಗೆ ಹೋಗುತ್ತಿತ್ತು. ರಾತ್ರಿ ಯಾರೋ ತುಂಟ ಹುಡುಗ ಖಾನೆಗಳ ಅಕ್ಷರವನ್ನೆಲ್ಲ ಅದಲುಬದಲು ಮಾಡಿಟ್ಟ ಎಂದುಕೊಳ್ಳಿ. ಬೆಳಿಗ್ಗೆ ಅದೇ ಕೈ, ಅದೇ ಖಾನೆ, ಅದೇ ಕ್ರಮ. ಆದರೆ ಅಚ್ಚಾಗುವುದು ಅರ್ಥವಿಲ್ಲದ ಸಾಲು.

ಹಳೆಯ ಕನ್ನಡ ಫಾಂಟುಗಳು ಇಂಥ ಪೆಟ್ಟಿಗೆಗಳೇ. ಆಗಿನ ಫಾಂಟಿನ ಪೆಟ್ಟಿಗೆಯಲ್ಲಿ 256 ಖಾನೆ ಮಾತ್ರ. ಅವೂ ಇಂಗ್ಲಿಷಿಗೆ, ಯುರೋಪಿನ ಇತರ ಭಾಷೆಗಳಿಗೆ ಮೀಸಲು. ಕನ್ನಡಕ್ಕೆ ಬೇರೆ ಜಾಗವೇ ಇರಲಿಲ್ಲ. ನಮ್ಮವರು ಒಂದು ಉಪಾಯ ಹೂಡಿದರು: ಇಂಗ್ಲಿಷ್ ಅಕ್ಷರವನ್ನು ಖಾನೆಯಿಂದ ತೆಗೆದು ಅಲ್ಲಿ ಕನ್ನಡದ ಚಿತ್ರ ಕೂರಿಸಿದರು. ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಸಿ ಅಕ್ಷರದ ಮನೆಯಲ್ಲಿ ಕೂತಿರುವುದು ನಮ್ಮ ‘ಅ’. ಡಿ ಮನೆಯಲ್ಲಿ ‘ಆ’. ಇ ಮನೆಯಲ್ಲಿ ‘ಇ’ಯೇ ಸಿಕ್ಕಿರುವುದು ಕಾಕತಾಳೀಯ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಹಳೆಯ ಫಾಂಟಿನಲ್ಲಿ ಅದು ಏಳು ತುಂಡು. ದೊಡ್ಡ ಪಿ ಎಂದರೆ ತಲೆಕಟ್ಟಿಲ್ಲದ ಕ. ತಲೆಯ ಮೇಲೆ ಗೀಟಿರುವ ಎ ಎಂದರೆ ತಲೆಕಟ್ಟು. ಪೌಂಡ್ ಗುರುತು ಎಂದರೆ ತಲೆಕಟ್ಟಿಲ್ಲದ ನ, ಅದಕ್ಕೆ ಮತ್ತೆ ತಲೆಕಟ್ಟು. ಜರ್ಮನ್ ಭಾಷೆಯ ಜೋಡಿ ಎಸ್ ಎಂದರೆ ನ ಒತ್ತು. ಸಣ್ಣ ಕ್ಯೂ ಎಂದರೆ ಡ, ಅದಕ್ಕೊಂದು ತಲೆಕಟ್ಟು. ಖಾನೆಯ ಸಂಖ್ಯೆ ಬರೆದರೆ 80, 192, 163, 192, 223, 113, 192. ಅಜ್ಜಿಯ ಸಿ.ಡಿ.ಯಲ್ಲಿ ಇರುವುದು ಇಂಥ ಸಂಖ್ಯೆಗಳ ಸಾಲು. ಯಾವ ಪೆಟ್ಟಿಗೆಯ ಖಾನೆ ಎಂದು ಗೊತ್ತಿಲ್ಲದ ಲ್ಯಾಪ್‌ಟಾಪು ತನ್ನ ಬಳಿಯಿದ್ದ ಇಂಗ್ಲಿಷ್ ಪೆಟ್ಟಿಗೆಯಿಂದ ಆಯ್ದು ತೋರಿಸಿದೆ. ಪಾಪ, ಅದರ ತಪ್ಪೇನಿಲ್ಲ.

ಆದ್ದರಿಂದ ಹಳೆಯ ಕಡತಕ್ಕೆ ಮೊದಲ ಮದ್ದು, ಅದನ್ನು ಬರೆದಾಗ ಬಳಸಿದ್ದ ಅದೇ ಫಾಂಟನ್ನು ಕೂರಿಸುವುದು. ಅದೇ ಎಂದರೆ ಅದೇ. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಖಾನೆ ಹಂಚಿಕೆ ಬಹುಮಟ್ಟಿಗೆ ಒಂದೇ ಆದ್ದರಿಂದ ಒಂದರ ಬದಲು ಇನ್ನೊಂದು ನಡೆಯುತ್ತದೆ. ಶ್ರೀಲಿಪಿಯ ಹಂಚಿಕೆ ಬೇರೆ. ಶ್ರೀಲಿಪಿಯಲ್ಲಿ ಬರೆದದ್ದಕ್ಕೆ ನುಡಿ ಫಾಂಟು ಹಾಕಿದರೆ ಕನ್ನಡ ಅಕ್ಷರಗಳೇ ಬರುತ್ತವೆ, ಆದರೆ ಯಾವ ಊರಿನ ಕನ್ನಡವೂ ಅಲ್ಲದ ಕನ್ನಡ. ಯಾವ ಫಾಂಟು ಎಂದು ತಿಳಿಯುವುದು ಹೇಗೆ? ಕಡತ ತೆರೆದು, ಕಲಸಿದ ಸಾಲಿನ ಮೇಲೆ ಕ್ಲಿಕ್ಕಿಸಿ, ಮೇಲ್ಗಡೆ ಫಾಂಟಿನ ಹೆಸರು ತೋರಿಸುವ ಪೆಟ್ಟಿಗೆ ನೋಡಿ. ಫಾಂಟು ಇಲ್ಲದಿದ್ದರೂ ಹೆಸರು ಮಾತ್ರ ಅಲ್ಲಿ ಉಳಿದಿರುತ್ತದೆ, ಖಾಲಿ ಮನೆಯ ಬಾಗಿಲಿನಲ್ಲಿ ಯಜಮಾನರ ಹೆಸರಿನ ಫಲಕ ಉಳಿದ ಹಾಗೆ. ಆ ಹೆಸರನ್ನು ಒಂದು ಚೀಟಿಯಲ್ಲಿ ಅಕ್ಷರಶಃ ಬರೆದುಕೊಳ್ಳಿ. ‘ನುಡಿ 01 ಇ’ ಮತ್ತು ‘ನುಡಿ 01 ಕೆ’ ನಮಗೆ ಅಣ್ಣತಮ್ಮ, ಕಂಪ್ಯೂಟರಿಗೆ ಅಪರಿಚಿತರು.

ಅಜ್ಜಿಯ ಮೊಮ್ಮಗನಿಗೆ ಇನ್ನೊಂದು ತೊಡಕೂ ಇದೆ: ಪೇಜ್‌ಮೇಕರೇ ಈಗಿಲ್ಲ. 1985ರಲ್ಲಿ ಆಲ್ಡಸ್ ಎಂಬ ಕಂಪನಿ ತಂದ ತಂತ್ರಾಂಶ ಅದು. 1994ರಲ್ಲಿ ಅಡೋಬಿ ಕಂಪನಿ ಆಲ್ಡಸನ್ನು ಕೊಂಡಿತು, 2001ರಲ್ಲಿ ಏಳನೇ ಆವೃತ್ತಿ ಬಂತು, ಅದೇ ಕೊನೆ. ಇಂದಿನ ಇನ್‌ಡಿಸೈನ್ ಪೇಜ್‌ಮೇಕರ್ ಕಡತವನ್ನು ತೆರೆಯುವುದಿಲ್ಲ. ಸಿಎಸ್6 ಆವೃತ್ತಿಯವರೆಗೆ ತೆರೆಯುತ್ತಿತ್ತು. ಆದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸಿನ ‘ಡ್ರಾ’ ಭಾಗ ಪೇಜ್‌ಮೇಕರ್ ಕಡತಗಳನ್ನು ತೆರೆಯಬಲ್ಲದು. ಪುಟದ ಅಲಂಕಾರ ಅಲ್ಲಲ್ಲಿ ಜರುಗಬಹುದು, ಚಿಂತೆಯಿಲ್ಲ. ನಮಗೆ ಬೇಕಾದದ್ದು ಹಾಡು.

ಮೊದಲು ಸಿ.ಡಿ.ಯಲ್ಲಿದ್ದುದನ್ನೆಲ್ಲ ಹಾಗೆಹಾಗೇ ಎರಡು ಕಡೆ ನಕಲು ಮಾಡಿಡಿ. ಕೆಲಸವೆಲ್ಲ ನಕಲಿನ ಮೇಲೆಯೇ. ಫಾಂಟು ಕೂರಿಸಿ, ಕಡತ ತೆರೆದು, ಕನ್ನಡ ಓದಲು ಬಂದರೆ ಅಜ್ಜಿಯನ್ನು ಕರೆದು ಒಂದು ಹಾಡು ಓದಿ ತೋರಿಸಿ. ಆಮೇಲೆ ಮುಂದಿನ ಕೆಲಸ: ಅದನ್ನು ಯೂನಿಕೋಡಿಗೆ ತರುವುದು.

ಯೂನಿಕೋಡ್ ಎಂದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಅವರವರದೇ ಬೀದಿ ಹಾಕಿಕೊಟ್ಟ ದೊಡ್ಡ ಊರು. ಕನ್ನಡದ ಬೀದಿಯಲ್ಲಿ 128 ನಿವೇಶನ, ಮನೆ ಸಂಖ್ಯೆ 3200ರಿಂದ 3327. ‘ಕ’ ಇರುವುದು 3221ರಲ್ಲಿ, ಯಾವ ದೇಶದ ಯಾವ ಕಂಪ್ಯೂಟರಾದರೂ ಸರಿ. ‘ಕನ್ನಡ’ ಎಂದರೆ 3221, 3240, 3277, 3240, 3233. ಐದೇ. ನಡುವಿನ 3277 ಏನು ಗೊತ್ತೇ? ಅರ್ಧಾಕ್ಷರದ ಕೊಂಬು. ‘ನ್’ ಮಾಡಿ ಮುಂದೆ ‘ನ’ ಇಟ್ಟರೆ ಒತ್ತಾಗಿ ಕೆಳಗೆ ಇಳಿಯಬೇಕು ಎಂಬುದು ಅಲ್ಲಿಯ ಕಟ್ಟಳೆ. ನ ಒತ್ತಿಗೆ ಬೇರೆ ಮನೆಯಿಲ್ಲ. ಒಂದನೇ ತರಗತಿಯಲ್ಲಿ ಟೀಚರು ಬಿಡಿಸಿ ಹೇಳಿಕೊಟ್ಟ ಕ್ರಮವೇ ಇದು.

ಹಳೆಯದರಿಂದ ಹೊಸದಕ್ಕೆ ಬದಲಿಸುವ ಪರಿವರ್ತಕ ನುಡಿ, ಬರಹ ತಂತ್ರಾಂಶಗಳಲ್ಲೇ ಇದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು ಎಂದು ಮಾತ್ರ ತಿಳಿಯಬೇಡಿ. ಪರಿವರ್ತಕಕ್ಕೆ ಕಾಣುವುದು ಖಾನೆಯ ಸಂಖ್ಯೆ ಮಾತ್ರ. ಅಜ್ಜ ಎಲ್ಲೋ ಇಂಗ್ಲಿಷ್ ಅಕ್ಷರದಲ್ಲೇ ‘ಸಿ.ಡಿ.’ ಎಂದು ಬರೆದಿದ್ದರೆ ಅದು ‘ಅಆ’ ಆಗಿಬಿಡುತ್ತದೆ! ಅರ್ಕಾವತ್ತು ಕೂಡ ಎಡವುವ ಜಾಗ. ‘ಸೂರ್ಯ’ ಪದದಲ್ಲಿ ನಾವು ಅರ್ಕಾವತ್ತನ್ನು ಕೊನೆಗೆ ಬರೆಯುತ್ತೇವೆ, ಹಳೆಯ ಫಾಂಟೂ ಕೊನೆಯಲ್ಲೇ ಇಡುತ್ತದೆ, ಯೂನಿಕೋಡು ಮಾತ್ರ ನಾವು ಉಚ್ಚರಿಸುವಂತೆ ‘ರ್’ ಮೊದಲು, ‘ಯ’ ಆಮೇಲೆ ಎಂದು ಇಡುತ್ತದೆ. ಪರಿವರ್ತಕ ಈ ಹಿಂದುಮುಂದನ್ನು ಸರಿಮಾಡಿಕೊಳ್ಳಬೇಕು, ಕೆಲವೊಮ್ಮೆ ತಪ್ಪುತ್ತದೆ. ಹಾಗಾಗಿ ಒಂದು ಕಡೆ ಹಳೆಯ ಫಾಂಟಿನಲ್ಲಿ ಕಾಣುವ ಪುಟ, ಇನ್ನೊಂದು ಕಡೆ ಹೊಸ ಪುಟ ಇಟ್ಟುಕೊಂಡು ಓದಬೇಕು. ಹಾಡಾದ್ದರಿಂದ ಅಜ್ಜಿ ಕಣ್ಣುಮುಚ್ಚಿ ಹೇಳುತ್ತ ಹೋಗಲಿ, ಮೊಮ್ಮಗ ಪರದೆಯ ಮೇಲೆ ಬೆರಳಿಟ್ಟು ನೋಡಲಿ. ಇದಕ್ಕಿಂತ ಒಳ್ಳೆಯ ಪ್ರೂಫ್ ರೀಡರ್ ಸಿಗಲಿಕ್ಕಿಲ್ಲ.

ಹಳೆಯ ಫಾಂಟಿನ ಕಡತವನ್ನು ವರ್ಡ್‌ನಲ್ಲಿ ತಿದ್ದುವವರಿಗೆ ಒಂದು ಎಚ್ಚರಿಕೆ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡಕ್ಷರ ಮಾಡುವ ಅಭ್ಯಾಸ ಅದಕ್ಕಿದೆ. ಇಂಗ್ಲಿಷಿಗೆ ಒಳ್ಳೆಯದೇ. ಆದರೆ ಹಳೆಯ ಫಾಂಟಿನಲ್ಲಿ ಸಣ್ಣ ಕ್ಯೂ ‘ಡ’, ದೊಡ್ಡ ಕ್ಯೂ ‘ಕಿ’! ನೀವು ‘ಡಬ್ಬಿ’ ಎಂದು ಬರೆಯಹೊರಟರೆ ಅದು ‘ಕಿ’ ಎಂದು ಕಿರುಚುತ್ತದೆ. ಆಟೋಕರೆಕ್ಟ್ ಸೌಲಭ್ಯವನ್ನು ಮೊದಲು ಆರಿಸಿ.

ಇನ್ನು ಹುಡುಗಿಯ ಚೌಕಗಳು. ಚೌಕ ಕಂಡರೆ ಖುಷಿಪಡಿ, ಏಕೆಂದರೆ ಬರಹ ಕ್ಷೇಮ ಎಂದು ಅರ್ಥ. ಅಕ್ಷರದ ಮನೆ ಸಂಖ್ಯೆ ಸರಿಯಾಗಿದೆ, ಆ ಮನೆಯ ಚಿತ್ರ ಈ ಫಾಂಟಿನ ಬಳಿ ಇಲ್ಲ, ಅಷ್ಟೇ. ಈ ಚೌಕಗಳನ್ನು ತಂತ್ರಜ್ಞರು ‘ಟೋಫು’ ಎಂದು ಕರೆಯುತ್ತಾರೆ, ಸೋಯಾ ಹಾಲಿನ ಪನೀರಿನ ತುಂಡುಗಳ ಹಾಗೆ ಕಾಣುತ್ತದಲ್ಲ, ಅದಕ್ಕೆ. ಟೋಫು ಕಾಣಲೇಬಾರದು ಎಂದು ಗೂಗಲ್ ಮಾಡಿಸಿದ ಫಾಂಟುಗಳ ಬಳಗಕ್ಕೆ ‘ನೋ ಟೋಫು’ ಎಂಬುದರಿಂದಲೇ ‘ನೋಟೊ’ ಎಂದು ಹೆಸರು ಬಂತು. ನೋಟೊ ಕನ್ನಡ, ಬಾಲೂ ತಮ್ಮ, ಬೆಣ್ಣೆ, ನವಿಲು, ಗುಬ್ಬಿ ಇವೆಲ್ಲ ಉಚಿತವಾಗಿ ಸಿಗುವ ಕನ್ನಡ ಯೂನಿಕೋಡ್ ಫಾಂಟುಗಳು. ಮಕ್ಕಳ ಸಂಚಿಕೆಯ ಶೀರ್ಷಿಕೆಗೆ ದುಂಡುದುಂಡಗಿನ ಬಾಲೂ ತಮ್ಮ ಚೆನ್ನ. ಆದರೆ ಇಡೀ ಕಥೆಯನ್ನು ಅದರಲ್ಲಿ ಜೋಡಿಸಿದರೆ ಅಜ್ಜಂದಿರು ಎರಡನೇ ಪುಟಕ್ಕೇ ಕನ್ನಡಕ ತೆಗೆದಿಡುತ್ತಾರೆ.

ಫಾಂಟು ಕೂರಿಸುವುದು ಕಷ್ಟವಲ್ಲ, ಆದರೂ ಅಲ್ಲೇ ಹೆಚ್ಚು ಜನ ಜಾರುವುದು. ಇಳಿಸಿಕೊಂಡ ಫಾಂಟು ಸಾಮಾನ್ಯವಾಗಿ ಜಿಪ್ ಗಂಟಿನಲ್ಲಿ ಬರುತ್ತದೆ. ಗಂಟು ಬಿಚ್ಚಿ, ಒಳಗಿನ ಕಡತವನ್ನು ಹೊರಗೆ ತೆಗೆದು, ಆಮೇಲೆ ಕೂರಿಸಿ. ಫಾಂಟಿನ ಕಡತದ ಹೆಸರು ‘ಟಿಟಿಎಫ್’ ಅಥವಾ ‘ಒಟಿಎಫ್’ ಎಂದು ಮುಗಿಯುತ್ತದೆ. ಫಾಂಟು ಕೊಡುತ್ತೇನೆಂದು ‘ಇಎಕ್ಸ್‌ಇ’ ಎಂದು ಮುಗಿಯುವ ಕಡತ ಗೊತ್ತಿಲ್ಲದ ಕಡೆಯಿಂದ ಬಂದರೆ ಮುಟ್ಟಬೇಡಿ.

ವಿಂಡೋಸಿನಲ್ಲಿ ಫಾಂಟಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಎರಡು ಆಯ್ಕೆ ಕಾಣುತ್ತವೆ: ‘ಇನ್‌ಸ್ಟಾಲ್’, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’. 2018ರಲ್ಲಿ ವಿಂಡೋಸ್ 10ಕ್ಕೆ ಬಂದ ನವೀಕರಣದ ನಂತರ ಬರೀ ‘ಇನ್‌ಸ್ಟಾಲ್’ ಎಂದರೆ ನೀವು ಒಳಬಂದ ಹೆಸರಿಗೆ ಮಾತ್ರ ಫಾಂಟು ಕೂರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ನಡೆಯುವ ಒಂದು ಪವಾಡಕ್ಕೆ ಇದೇ ಕಾರಣ: ನಿನ್ನೆ ಇದ್ದ ಫಾಂಟು ಇವತ್ತು ಮಾಯ! ನಿನ್ನೆ ಒಂದು ಹೆಸರಿನಲ್ಲಿ ಒಳಹೋಗಿದ್ದಿರಿ, ಇವತ್ತು ಇನ್ನೊಂದರಲ್ಲಿ. ಕೆಲವು ಹಳೆಯ ತಂತ್ರಾಂಶಗಳಿಗೂ ಒಬ್ಬರಿಗಾಗಿ ಕೂರಿಸಿದ ಫಾಂಟು ಕಾಣುವುದಿಲ್ಲ. ಎರಡನೇ ಆಯ್ಕೆಯೇ ಕ್ಷೇಮ, ಅದಕ್ಕೆ ಪಾಸ್‌ವರ್ಡ್ ಕೇಳಿದರೆ ಟೀಚರನ್ನು ಕರೆಯಿರಿ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳ ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್; ಅಲ್ಲಿ ಫಾಂಟಿನ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ತೆರೆಯುವ ಕಿಟಕಿಯಲ್ಲೇ ಕೂರಿಸುವ ಗುಂಡಿ ಇರುತ್ತದೆ.

ಕೂರಿಸಿದ ಮೇಲೂ ಪಟ್ಟಿಯಲ್ಲಿ ಕಾಣುತ್ತಿಲ್ಲವೇ? ಪುಟ ಕಟ್ಟುವ ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಹಲವು ತಂತ್ರಾಂಶಗಳು ಬಾಗಿಲು ತೆರೆಯುವಾಗ ಒಮ್ಮೆ ಮಾತ್ರ ಹಾಜರಿ ಕರೆಯುತ್ತವೆ. ಆಗಲೂ ಇಲ್ಲದಿದ್ದರೆ ಹುಡುಕುತ್ತಿರುವ ಹೆಸರನ್ನು ಅನುಮಾನಿಸಿ. ಕಡತದ ಹೆಸರು ಒಂದಿರುತ್ತದೆ, ಫಾಂಟಿನ ಒಳಹೆಸರು ಇನ್ನೊಂದಿರುತ್ತದೆ, ಪಟ್ಟಿಗೆ ಬರುವುದು ಒಳಹೆಸರು. ಮನೆಯಲ್ಲಿ ಚಿನ್ನು, ಹಾಜರಿ ಪುಸ್ತಕದಲ್ಲಿ ಬೇರೆ. ಪ್ರೆಸ್ಸಿನಿಂದ ತಂದ ಬಹಳ ಹಳೆಯ ‘ಟೈಪ್ 1’ ಫಾಂಟಾದರೆ ಕಾಯುವುದು ವ್ಯರ್ಥ. ಅಡೋಬಿ 2023ರ ಜನವರಿಯಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು.

ಒತ್ತಕ್ಷರ ಕಳಚುವುದು ಇದಕ್ಕಿಂತ ಸೂಕ್ಷ್ಮ. ‘ಅಮ್ಮ’ ಹೋಗಿ ‘ಅಮ್‌ಮ’ ಆಗಿದೆ, ‘ಸೂರ್ಯ’ ಹೋಗಿ ‘ಸೂರ್‌ಯ’ ಆಗಿದೆ. ಇಲ್ಲಿ ಫಾಂಟು ಇದೆ, ಬರಹವೂ ಸರಿಯಿದೆ. ಎರಡನ್ನೂ ಹೊಲಿಯುವ ದರ್ಜಿ ಮಲಗಿದ್ದಾನೆ. ಇನ್‌ಡಿಸೈನ್‌ನಲ್ಲಾದರೆ ಬರಹವನ್ನೆಲ್ಲ ಆಯ್ದು, ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಎಂಬುದನ್ನು ಆರಿಸಿ. ಒತ್ತುಗಳು ತಟಕ್ಕನೆ ಕೆಳಗೆ ಕೂರುತ್ತವೆ, ನೋಡಲು ಜಾದೂ. ಉಚಿತವಾದ ಸ್ಕ್ರೈಬಸ್ ಬಳಸುವವರು 1.4ರ ಸಾಲಿನ ಹಳೆಯ ಆವೃತ್ತಿ ಬಿಟ್ಟು 1.6ಕ್ಕೆ ಬನ್ನಿ. ಲಿಬ್ರೆಆಫೀಸಿನಲ್ಲಿ ಬೇರೆ ತಮಾಷೆ: ಅದು ಇಂಗ್ಲಿಷಿಗೆ ಒಂದು ಫಾಂಟು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟು ಎಂದು ಎರಡು ಲೆಕ್ಕ ಇಡುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ನೀವು ಎಷ್ಟು ಸಲ ಫಾಂಟು ಬದಲಿಸಿದರೂ ಕನ್ನಡ ಕದಲುವುದಿಲ್ಲ. ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಲೆಕ್ಕದಲ್ಲಿ ಬದಲಿಸಬೇಕು.

ನಿಜವಾಗಿ ಹೆದರಬೇಕಾದದ್ದು ಪ್ರಶ್ನೆ ಚಿಹ್ನೆಗೆ. ಯೂನಿಕೋಡ್ ಕನ್ನಡವನ್ನು ಪೇಜ್‌ಮೇಕರಿನಂಥ ಹಳಬರ ಒಳಗೆ ಅಂಟಿಸಿದರೆ ಸಾಲಾಗಿ ಪ್ರಶ್ನೆ ಚಿಹ್ನೆಗಳು ನಿಲ್ಲುತ್ತವೆ. 256 ಖಾನೆಯ ಪೆಟ್ಟಿಗೆಗೆ 3221ನೇ ಮನೆ ಎಲ್ಲಿಂದ ಬರಬೇಕು? ಗೊತ್ತಿಲ್ಲದ ಪ್ರತಿ ಅಕ್ಷರವನ್ನೂ ಅದು ಕಿತ್ತು ಹಾಕಿ ಅಲ್ಲಿ ಪ್ರಶ್ನೆ ಚಿಹ್ನೆ ನೆಟ್ಟಿರುತ್ತದೆ. ಕಲಸುಮೇಲೋಗರವನ್ನು ಬಿಡಿಸಬಹುದು, ಚೌಕವನ್ನು ತುಂಬಬಹುದು. ಪ್ರಶ್ನೆ ಚಿಹ್ನೆಯ ಹಿಂದೆ ಏನೂ ಉಳಿದಿಲ್ಲ. ಆ ಸ್ಥಿತಿಯಲ್ಲಿ ಉಳಿಸುವ ಗುಂಡಿ ಒತ್ತಬೇಡಿ. ಹಾಗೇ ಮುಚ್ಚಿ, ಮೂಲ ಕಡತಕ್ಕೆ ಹಿಂತಿರುಗಿ.

ಫಾಂಟು ಬೇರೆ, ಕೀಲಿಮಣೆ ಬೇರೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನೋಟೊ ಆರಿಸಿದರೂ ಇಂಗ್ಲಿಷೇ ಮೂಡುತ್ತದೆ ಎಂದು ತಿಂಗಳಿಗೆ ಎರಡಾದರೂ ಪತ್ರ ಬರುತ್ತವೆ. ಯೂನಿಕೋಡಿನಲ್ಲಿ ಫಾಂಟು ಅಕ್ಷರದ ಉಡುಪು ಮಾತ್ರ. ಕನ್ನಡ ಮೂಡಬೇಕಾದರೆ ಕೀಲಿಮಣೆಯನ್ನೂ ಕನ್ನಡಕ್ಕೆ ಬದಲಿಸಬೇಕು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಮಕ್ಕಳಿಗೆ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ, ಅಜ್ಜಂದಿರಿಗೆ ಎರಡು ವಾರ.

ಇನ್ನು ಶುಕ್ರವಾರದ ಅಚ್ಚು. ಸಂಪಾದಕಿಯೇ, ಪ್ರೆಸ್ಸಿಗೆ ಪುಟ ಕಟ್ಟಿದ ಕಡತವೊಂದನ್ನೇ ಕೊಟ್ಟರೆ ಇದೇ ರಾಮಾಯಣ ಅಲ್ಲಿ ಮತ್ತೆ ಶುರುವಾಗುತ್ತದೆ. ಪಿಡಿಎಫ್ ಮಾಡು. ಅದರ ಒಳಗೆ ಫಾಂಟುಗಳೂ ಗಂಟು ಕಟ್ಟಿಕೊಂಡು ಹೋಗಬೇಕು. ಹೋಗಿವೆಯೇ ಎಂದು ನೋಡಲು ಅಕ್ರೋಬ್ಯಾಟ್ ರೀಡರಿನ ಫೈಲ್ ಮೆನುವಿನಲ್ಲಿ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಪಟ್ಟಿ ನೋಡು. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಎಂದಿರಬೇಕು. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಸ್ವಲ್ಪ ಹೆಚ್ಚಿರಲಿ, ಇಲ್ಲವಾದರೆ ‘ರಾಷ್ಟ್ರ’ದ ಎರಡಂತಸ್ತಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ನಮಗೆ ಹಳೆಯ ನುಡಿಯಲ್ಲೇ ಬೇಕು ಎನ್ನುವ ಪ್ರೆಸ್ಸುಗಳು ಈಗಲೂ ಇವೆ. ಅಂಥವರಿಗೆ ಬದಲಿಸಿಯೇ ಕೊಡು, ಯೂನಿಕೋಡ್ ಪ್ರತಿ ನಿನ್ನ ಬಳಿ ಇರಲಿ.

ಗುರುವಾರ ಸಂಜೆ ಪಿಡಿಎಫನ್ನು ನೀನು ಕೆಲಸ ಮಾಡಿದ ಕಂಪ್ಯೂಟರಿನಲ್ಲಿ ಅಲ್ಲ, ಆ ಫಾಂಟುಗಳೇ ಇಲ್ಲದ ಬೇರೊಂದರಲ್ಲಿ ತೆರೆದು ನೋಡು. ಮನೆಯವರ ಫೋನಾದರೂ ಆದೀತು. ಅಲ್ಲಿ ‘ಸೂರ್ಯ’, ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’ ಈ ನಾಲ್ಕೂ ಸರಿಯಾಗಿ ಕಂಡರೆ, ಬರೆದವರ ಹೆಸರುಗಳನ್ನು ಇನ್ನೊಮ್ಮೆ ಓದಿ, ಪ್ರೆಸ್ಸಿಗೆ ಕಳಿಸಿಬಿಡು.